ಕೆರೆಯ ಅಂಚು ಯಾರದು?

ಭೂಮಿಯನ್ನು ಕೊಂಡವನಿಗೆ ಆ ಭೂಮಿಯ ಮೇಲೆ ಎಷ್ಟು ಹಕ್ಕು ಬರುತ್ತದೆ? ಪ್ರಶ್ನೆ ಹಳೆಯದು. ಕ್ರಯಪತ್ರ ಬರೆಸಿ, ರಿಜಿಸ್ಟ್ರಿ ಮಾಡಿಸಿ, ಪಟ್ಟಾದಲ್ಲಿ ಹೆಸರು ಏರಿಸಿಕೊಂಡ ಮೇಲೆ ಅದು ಸಂಪೂರ್ಣವಾಗಿ ನಮ್ಮದೆಂದು ನಾವು ತಿಳಿಯುತ್ತೇವೆ. ಉಳುವುದು, ಬೀಳುಬಿಡುವುದು, ಅಗೆಯುವುದು, ಮುಚ್ಚುವುದು ಎಲ್ಲವೂ ನಮ್ಮ ಇಚ್ಛೆ. ಆದರೆ ಆ ಭೂಮಿಯ ಒಂದು ಮಗ್ಗುಲಲ್ಲಿ ಕೆರೆಯೋ ಕುಂಟೆಯೋ ಹಳ್ಳವೋ ಇದ್ದರೆ ಮಾತು ಅಷ್ಟು ಸರಳವಾಗಿ ಉಳಿಯುವುದಿಲ್ಲ. ಹೊಸ ಬಡಾವಣೆ ಕಟ್ಟುವವರು ನೀರಿನ ಸುತ್ತ ಒಂದಿಷ್ಟು ನೆಲವನ್ನು ಕಟ್ಟದೆ ಬಿಡಬೇಕೆಂದು ಇಂದಿನ ಕಾನೂನು ಹೇಳುತ್ತದೆ. ಅದಕ್ಕೆ ಬಫರ್ ವಲಯವೆಂಬ ಹೆಸರು ಬಳಕೆಗೆ ಬಂದಿದೆ. ನಾವು ಅದನ್ನು ಅಂಚುಭೂಮಿ ಎನ್ನೋಣ. ಈ ಅಂಚುಭೂಮಿ ಯಾರದು? ಅದನ್ನು ಬಿಡುವುದು ಔದಾರ್ಯವೆ, ಕರ್ತವ್ಯವೆ?

ಈ ವಿಚಾರ ನಮಗೆ ದೂರದ್ದಲ್ಲ. ಝರಾಸಂಗಂ ಮತ್ತು ನ್ಯಾಲ್ಕಲ್ ಮಂಡಲಗಳ ೧೨,೬೩೫ ಎಕರೆ ಭೂಮಿಯಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯವೊಂದನ್ನು ಸ್ಥಾಪಿಸಲು ೨೦೧೬ರಲ್ಲಿ ಅನುಮೋದನೆ ದೊರೆಯಿತು. ೨೦೨೪ರ ಆಗಸ್ಟ್ ೨೮ರಂದು ಕೇಂದ್ರ ಸಚಿವ ಸಂಪುಟವು ದೇಶದಲ್ಲಿ ಹನ್ನೆರಡು ಕೈಗಾರಿಕಾ ನಗರಗಳಿಗೆ ಒಪ್ಪಿಗೆಯಿತ್ತಾಗ ಜಹೀರಾಬಾದು ಅವುಗಳಲ್ಲಿ ಒಂದಾಯಿತು. ಮೊದಲ ಹಂತಕ್ಕೆ ಗೊತ್ತುಮಾಡಿದ ವಿಸ್ತಾರ ೩,೨೪೫ ಎಕರೆ. ಕಾರ್ಖಾನೆ ಬಂದಲ್ಲಿ ಕೆಲಸಗಾರರು ಬರುತ್ತಾರೆ; ಕೆಲಸಗಾರರು ಬಂದಲ್ಲಿ ಮನೆಗಳು ಏಳುತ್ತವೆ. ಇದು ತಪ್ಪಲ್ಲ. ನಮ್ಮ ಮಕ್ಕಳಿಗೆ ಉದ್ಯೋಗ ಬೇಡವೆಂದು ಯಾರು ಹೇಳಿಯಾರು? ಆದರೆ ಕಲ್ಲು ನೆಟ್ಟು ನಿವೇಶನ ವಿಂಗಡಿಸುವ ಮೊದಲು ನಾವು ಯೋಚಿಸಬೇಕಾದುದು ಒಂದಿದೆ. ಊರು ಬೆಳೆದ ಮೇಲೆ ಅಂಚನ್ನು ಹುಡುಕುವುದು ಕಷ್ಟ. ಬೆಳೆಯುವ ಮೊದಲು ಬಿಡುವುದು ಸುಲಭ.

ಝರಾಸಂಗಮೆಂಬ ಹೆಸರಿನಲ್ಲಿಯೇ ಝರಿ ಇದೆ. ಇಲ್ಲಿಯ ದೇವರು ಕೇತಕೀ ಸಂಗಮೇಶ್ವರ. ಕೇತಕಿ ಎಂದರೆ ಕೇದಿಗೆ. ಶಿವಪೂಜೆಗೆ ಸಲ್ಲದೆಂದು ಪುರಾಣಗಳು ಹೇಳುವ ಈ ಹೂವು ಇಲ್ಲಿ ಮಾತ್ರ ಶಿವನಿಗೆ ಸಲ್ಲುತ್ತದೆಂಬುದು ಕ್ಷೇತ್ರದ ಹಿರಿಮೆ. ಅರಸನೊಬ್ಬನ ಚರ್ಮರೋಗ ಇಲ್ಲಿಯ ನೀರಿನಿಂದ ವಾಸಿಯಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಕಥೆಯನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟದ್ದು. ಒಂದು ಮಾತು ಮಾತ್ರ ಸ್ಪಷ್ಟ. ಕೇದಿಗೆ ಹಳ್ಳದ ದಂಡೆಯಲ್ಲಿ, ತೇವದ ನೆಲದಲ್ಲಿ ಹಬ್ಬುವ ಗಿಡ. ದಂಡೆಯನ್ನು ಸಿಮೆಂಟಿನಿಂದ ಮುಚ್ಚಿ ದೇವರ ಹೆಸರಿನಲ್ಲಿ ಕೇತಕಿಯನ್ನು ಉಳಿಸಿಕೊಂಡರೆ ನಾವು ಉಳಿಸಿಕೊಂಡದ್ದು ಅಕ್ಷರಗಳನ್ನಷ್ಟೆ.

ನಕಾಶೆಯಲ್ಲಿ ಕೆರೆಯ ಅಂಚು ಒಂದು ಗೆರೆ. ನೆಲದ ಮೇಲೆ ಅದು ಗೆರೆಯಲ್ಲ, ಒಂದು ಸ್ಥಳ. ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ೧೯೫೬ರ ನವೆಂಬರ್ ೧ರಂದು ಹೈದರಾಬಾದು ಸಂಸ್ಥಾನ ಹಂಚಿಹೋದಾಗ ಬೀದರ ಕನ್ನಡನಾಡಿಗೆ ಸೇರಿತು. ಜಹೀರಾಬಾದು, ನಾರಾಯಣಖೇಡ, ತಾಂಡೂರು ಈಚೆಗೆ ಉಳಿದವು. ಭೂಪಟದಲ್ಲಿ ಒಂದು ಗೆರೆ ಬಿದ್ದಿತು. ಆದರೆ ಆ ಗೆರೆಯ ಎರಡು ಬದಿಗೂ ಕನ್ನಡ, ತೆಲುಗು, ಮರಾಠಿ, ಉರ್ದು ಒಂದರೊಳಗೊಂದು ಬೆರೆತ ಒಂದು ನಾಡೇ ಇದೆ. ಗಡಿಯೆಂಬುದು ಎರಡರ ಕೊನೆಯೂ ಹೌದು, ಎರಡರ ಕೂಡುವಿಕೆಯೂ ಹೌದು. ಕೆರೆಯ ಅಂಚೂ ಹಾಗೆಯೇ. ಶ್ರಾವಣದಲ್ಲಿ ಅದು ನೀರು. ಚೈತ್ರದಲ್ಲಿ ಅದು ನೆಲ. ನಿಜಾಮರ ಕಾಲದ ಕಂದಾಯದ ಲೆಕ್ಕದಲ್ಲಿ ಕೆರೆಯೊಳಗಿನ ಭೂಮಿಗೆ ಶಿಕಂ ಎಂದು ಹೆಸರು. ಇಂದಿಗೂ ನಮ್ಮ ರೈತರ ಬಾಯಲ್ಲಿ ಆ ಮಾತಿದೆ. ಶಿಕಂ ಎಂದರೆ ಪಾರಸಿಯಲ್ಲಿ ಹೊಟ್ಟೆ. ಹೊಟ್ಟೆ ಉಂಡಾಗ ಉಬ್ಬುತ್ತದೆ, ಹಸಿದಾಗ ಇಳಿಯುತ್ತದೆ. ಹಸಿದ ಹೊಟ್ಟೆಯ ಅಳತೆಗೆ ನಡುಪಟ್ಟಿ ಬಿಗಿದು ಇದೇ ನಿನ್ನ ಗಾತ್ರ ಎಂದರೆ ಅದು ನ್ಯಾಯವೆ? ಬೇಸಿಗೆಯಲ್ಲಿ ಕೆರೆಯನ್ನು ಅಳೆದು ನಿವೇಶನ ಮಾರುವವನು ಮಾಡುವುದು ಇದನ್ನೇ.

ಈ ಅಂಚನ್ನು ನೆಚ್ಚಿಕೊಂಡ ಜೀವಿಗಳು ಹಲವು. ಸಿಂಗೂರಿನಿಂದ ಕೆಳಗೆ ಮಂಜೀರಾ ನದಿಯ ಒಂದು ಭಾಗವನ್ನು ೧೯೭೮ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಅಲ್ಲಿಯ ಮುಖ್ಯ ನಿವಾಸಿ ಮೊಸಳೆ. ಮೊಸಳೆಯನ್ನು ನಾವು ಜಲಚರವೆಂದು ಪಾಠ ಹೇಳುತ್ತೇವೆ. ಆದರೆ ಅದು ಮೊಟ್ಟೆಯಿಡುವುದು ನೀರಿನಲ್ಲಲ್ಲ. ದಂಡೆಯ ಮಣ್ಣಿನಲ್ಲಿ ಗುಳಿ ತೋಡಿ ಇಡುತ್ತದೆ. ಆಮೆಯೂ ಅಷ್ಟೆ. ಟಿಟ್ಟಿಭ ಗೂಡು ಕಟ್ಟದೆ ಬಯಲಿನ ಕಲ್ಲುಹರಳುಗಳ ನಡುವೆ ಮೊಟ್ಟೆಯಿಡುತ್ತದೆ. ಕಪ್ಪೆಯ ಬಾಲ್ಯ ನೀರಿನಲ್ಲಿ, ಯೌವನ ಹುಲ್ಲಿನಲ್ಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ವಿಶ್ರಮಿಸುವುದು ಕೆರೆಯಲ್ಲಿ, ಮೇಯುವುದು ಸುತ್ತಲಿನ ಹೊಲಗಳಲ್ಲಿ. ಆ ಕೆರೆಗೆ ೨೦೨೪ರಲ್ಲಿ ರಾಮ್ಸಾರ್ ಮನ್ನಣೆ ದೊರೆಯಿತು. ನೀರನ್ನು ಮಾತ್ರ ಉಳಿಸಿ ದಂಡೆಯನ್ನು ಕಳೆದರೆ ಇವುಗಳ ಪಾಲಿಗೆ ಕೆರೆ ಇದ್ದೂ ಇಲ್ಲದಂತೆ.

ಹಾಗಾದರೆ ಎಷ್ಟು ಬಿಡಬೇಕು? ತೆಲಂಗಾಣದಲ್ಲಿ ನಡೆಯುತ್ತಿರುವ ೨೦೧೨ರ ಕಟ್ಟಡ ನಿಯಮಗಳ ಪ್ರಕಾರ ಹತ್ತು ಹೆಕ್ಟೇರು ಮತ್ತು ಅದಕ್ಕೆ ಮೇಲ್ಪಟ್ಟ ಕೆರೆಗೆ ಪೂರ್ಣ ಜಲಮಟ್ಟದ ಗೆರೆಯಿಂದ ೩೦ ಮೀಟರು. ಅದಕ್ಕಿಂತ ಚಿಕ್ಕದಕ್ಕೆ ೯ ಮೀಟರು. ಬೆಂಗಳೂರಿನಲ್ಲಿ ಈ ಅಳತೆಯ ಮೇಲೆ ದೊಡ್ಡ ವ್ಯಾಜ್ಯವೇ ನಡೆಯಿತು. ಕೆರೆಗಳ ಸುತ್ತ ೭೫ ಮೀಟರು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ೨೦೧೬ರ ಮೇ ೪ರಂದು ಆದೇಶಿಸಿತು. ನಗರದ ಯೋಜನೆ ೩೦ ಮೀಟರು ಎಂದು ಗೊತ್ತುಮಾಡಿರುವಾಗ ಅದನ್ನು ತಿದ್ದುವ ಅಧಿಕಾರ ನ್ಯಾಯಾಧಿಕರಣಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೨೦೧೯ರ ಮಾರ್ಚ್ ೫ರಂದು ಆ ಆದೇಶವನ್ನು ತಳ್ಳಿಹಾಕಿತು. ತೀರ್ಪಿನ ವಿಷಯವನ್ನು ಸರಿಯಾಗಿ ಗ್ರಹಿಸಬೇಕು. ಅಳತೆಯನ್ನು ಗೊತ್ತುಮಾಡುವ ಅಧಿಕಾರ ಯಾರದೆಂಬುದಕ್ಕೆ ಅದು ಉತ್ತರ. ಕಪ್ಪೆಗೆ ಎಷ್ಟು ನೆಲ ಬೇಕೆಂಬ ಪ್ರಶ್ನೆಗೆ ಅಲ್ಲ. ಕಾನೂನು ಹೇಳುವುದು ಇದಕ್ಕಿಂತ ಕಡಿಮೆ ಬಿಟ್ಟರೆ ಅಪರಾಧವೆಂದು. ಇಷ್ಟು ಬಿಟ್ಟರೆ ಸಾಕೆಂದಲ್ಲ. ಮೂವತ್ತೈದು ಅಂಕ ಪಡೆದ ವಿದ್ಯಾರ್ಥಿ ಉತ್ತೀರ್ಣನಾಗುತ್ತಾನೆ. ವಿದ್ಯೆಯಲ್ಲಿ ಪೂರ್ಣನಾದನೆಂದು ಯಾವ ಗುರುವೂ ಹೇಳುವುದಿಲ್ಲ.

ಅಂಚನ್ನು ನುಂಗಿದರೆ ಆಗುವ ಅನಾಹುತವನ್ನೂ ನಾವು ಕಂಡಿದ್ದೇವೆ. ೨೦೨೨ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆಯ ಬಡಾವಣೆಗಳು ಮುಳುಗಿ, ಅಲ್ಲಿಯ ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರಗೆ ತರಬೇಕಾಯಿತು. ಆದರೆ ಭಯವೊಂದೇ ನಮ್ಮ ನೀತಿಗೆ ಆಧಾರವಾಗಬಾರದು. ನೆರೆಯ ಭಯದಿಂದ ಮಾತ್ರ ಅಂಚನ್ನು ಬಿಡುವವನಿಗೆ ನಾಳೆ ಯಾರಾದರೂ ಎತ್ತರದ ಕಾಂಕ್ರೀಟು ಗೋಡೆಯನ್ನು ಕಟ್ಟಿಕೊಟ್ಟರೆ ಅವನ ಭಯ ಹೋಗುತ್ತದೆ. ಭಯದೊಡನೆ ಅಂಚೂ ಹೋಗುತ್ತದೆ. ಗೋಡೆಯಾಚೆ ಮೊಟ್ಟೆಯಿಡಲು ನೆಲವಿಲ್ಲದ ಆಮೆಯ ಮಾತು ಆಗ ಯಾರ ನೆನಪಿಗೂ ಬಾರದು.

ಇಲ್ಲಿ ಒಂದು ಆಕ್ಷೇಪವಿದೆ; ಅದು ಹಗುರವಾದುದಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಕೂಡಿಸಿ ಒಂದು ನಿವೇಶನ ಕೊಳ್ಳುವ ಶಿಕ್ಷಕನಿಗೆ ಕೊಕ್ಕರೆಯ ಹಕ್ಕನ್ನು ಬೋಧಿಸುವುದು ಕ್ರೌರ್ಯವಲ್ಲವೆ? ಕೆರೆಯ ಪಕ್ಕದಲ್ಲಿ ಎರಡೇ ಎಕರೆ ಇರುವ ರೈತನಿಗೆ ಒಂದು ಪಟ್ಟಿ ಬಿಡೆನ್ನುವುದು, ನೂರು ಎಕರೆಯ ಒಡೆಯನಿಗೆ ಬಿಡೆನ್ನುವುದು ಒಂದೆಯೆ? ಒಂದಲ್ಲ. ಆದುದರಿಂದಲೇ ಅಂಚಿನ ಹೊರೆಯನ್ನು ಅಂಚಿನವನೊಬ್ಬನ ತಲೆಗೆ ಕಟ್ಟಬಾರದು. ಬಡಾವಣೆಯಲ್ಲಿ ಬಿಟ್ಟ ನೆಲದ ಬೆಲೆಯನ್ನು ಎಲ್ಲ ನಿವೇಶನಗಳೂ ಸಮನಾಗಿ ಹೊರಬೇಕು. ಕೆರೆಯ ಗಾಳಿ, ಬಾವಿಯ ಒರತೆ ಎಲ್ಲರಿಗೂ ಸಲ್ಲುವುದಷ್ಟೆ. ಇನ್ನು ಸಣ್ಣ ರೈತನ ಬೇಸಾಯಕ್ಕೆ ಅಂಚು ಶತ್ರುವಲ್ಲ. ನೀರಿಳಿದ ಶಿಕಂ ಭೂಮಿಯಲ್ಲಿ ಬೆಳೆ ತೆಗೆದವರು ನಮ್ಮ ಹಿರಿಯರೇ. ಬಾತು ಬೆಳೆದ ಹೊಲದಲ್ಲಿ ಮೇಯುತ್ತದೆ. ಮೇಯಲಾರದ್ದು ಕಾಂಕ್ರೀಟಿನ ಮೇಲೆ.

ಆಕ್ಷೇಪಕ್ಕೆ ಉತ್ತರ ದೊರೆತ ಮೇಲೂ ಮೊದಲ ಪ್ರಶ್ನೆ ಉಳಿಯುತ್ತದೆ: ಬಿಡುವುದು ಔದಾರ್ಯವೆ? ಅಲ್ಲವೆಂದು ನಮ್ಮ ಅಭಿಪ್ರಾಯ. ದಾನ ಮಾಡಬೇಕಾದರೆ ವಸ್ತು ಮೊದಲು ನಮ್ಮದಾಗಿರಬೇಕು. ಕೆರೆ ತುಂಬಿದಾಗ ನೀರು ಬಂದು ನಿಲ್ಲುವ ನೆಲವನ್ನು ನಾವು ಕೊಂಡದ್ದು ನೀರಿನಿಂದಲ್ಲ. ಕೋಹೀರಿನ ಬಳಿ ಹುಟ್ಟಿದ ಕಾರಂಜಾ ನದಿ ಬೀದರ ಜಿಲ್ಲೆಗೆ ಹರಿದು ಭಾಲ್ಕಿ ತಾಲ್ಲೂಕಿನಲ್ಲಿ ಜಲಾಶಯವಾಗುತ್ತದೆ. ಇಲ್ಲಿ ನಾವು ಕೆಡಿಸಿದ ನೀರನ್ನು ಅಲ್ಲಿ ನಮ್ಮ ಭಾಷೆಯವರೇ ಕುಡಿಯುತ್ತಾರೆ. ನೀರು, ಹಕ್ಕಿ, ಕೆಳಹೊಳೆಯವರು, ಇನ್ನೂ ಹುಟ್ಟದ ಮಕ್ಕಳು, ಇವರಾರೂ ರಿಜಿಸ್ಟ್ರಿ ಕಚೇರಿಗೆ ಬಂದು ಸಹಿ ಹಾಕಿ ತಮ್ಮ ಪಾಲನ್ನು ಮಾರಿಲ್ಲ. ಮಾರದಿದ್ದುದನ್ನು ತೆಗೆದುಕೊಳ್ಳುವುದಕ್ಕೆ ಇರುವ ಹೆಸರು ಬೇರೆ. ಅಂಚನ್ನು ಬಿಡುವುದು ದಾನವಲ್ಲ, ಅಸ್ತೇಯ, ಕದಿಯದಿರುವುದು. ಶರಣರು ದಾನವೆನ್ನದೆ ದಾಸೋಹವೆಂದುದರ ತಿರುಳೂ ಇದೇ ಅಲ್ಲವೆ? ಕೊಡುವವನಲ್ಲಿ ನಾನು ಕೊಟ್ಟೆನೆಂಬ ಭಾವ ಉಳಿಯಬಾರದು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುವುದನ್ನೇ ಕಾಯಕವೆಂದು ಎಣಿಸಿದರು. ಕೆರೆ ಕಟ್ಟುವ ಶಕ್ತಿ ನಮಗಿಲ್ಲದಿರಬಹುದು. ಕಟ್ಟಿದ ಕೆರೆಯ ಅಂಚನ್ನು ಮುಟ್ಟದಿರುವ ಶಕ್ತಿ ಎಲ್ಲರಿಗೂ ಉಂಟು.

ಕಾನೂನಿನೊಳಗೇ ಇರುವ ಒಂದು ಸಂದಿಯನ್ನೂ ನಾವು ಗಮನಿಸಬೇಕು. ಬಡಾವಣೆಯಲ್ಲಿ ಮಕ್ಕಳ ಆಟಕ್ಕೆಂದು ಬಯಲು ಜಾಗ ಬಿಡಬೇಕು. ಅಂಚುಭೂಮಿಯನ್ನು ಆ ಬಯಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದೆಂದು ಅದೇ ನಿಯಮ ಹೇಳುತ್ತದೆ. ಕಟ್ಟುವವನಿಗೆ ಇದರಿಂದ ಲಾಭ. ಆದರೆ ಮಗುವಿನ ಚೆಂಡೂ ಟಿಟ್ಟಿಭದ ಮೊಟ್ಟೆಯೂ ಒಂದೇ ನೆಲದಲ್ಲಿ ಉಳಿಯುವುದುಂಟೆ? ಜೊಂಡನ್ನು ಕಿತ್ತು, ದಂಡೆಗೆ ಕಲ್ಲು ಹಾಸಿ, ದೀಪದ ಕಂಬ ನೆಟ್ಟ ಅಂಚು ಲೆಕ್ಕದಲ್ಲಿ ಅಂಚು, ನಿಜದಲ್ಲಿ ಉದ್ಯಾನ. ಎರಡು ಜೀವಿಗಳಿಗೆ ಸಲ್ಲಬೇಕಾದುದನ್ನು ಒಂದೇ ತಕ್ಕಡಿಯಲ್ಲಿ ತೂಗಿ ಎರಡು ಋಣ ತೀರಿತೆನ್ನುವುದು ಜಾಣತನ, ಧರ್ಮವಲ್ಲ.

ನಮ್ಮ ಶಾಲೆಗಳಲ್ಲಿ ಇದಕ್ಕೆ ಮಾಡಬಹುದಾದ ಕೆಲಸವೊಂದುಂಟು. ಈ ಮಳೆಗಾಲದಲ್ಲಿ ಊರ ಕೆರೆ ತುಂಬಿದ ದಿನ ಗುರುಗಳು ದೊಡ್ಡ ಮಕ್ಕಳನ್ನು ಕರೆದೊಯ್ದು, ನೀರಿನಿಂದ ಸಾಕಷ್ಟು ದೂರ ನಿಂತು, ನೀರು ಎಲ್ಲಿಯವರೆಗೆ ಬಂದಿದೆಯೆಂದು ಮರ, ಬಂಡೆ, ಬದುಗಳ ಗುರುತಿನಿಂದ ನಕಾಶೆ ಬರೆಸಲಿ. ಬೇಸಿಗೆಯಲ್ಲಿ ಅದೇ ನಕಾಶೆ ಹಿಡಿದು ಹೋಗಿ ನೀರು ಎಷ್ಟು ಸರಿದಿದೆಯೆಂದು ಅಳೆಯಲಿ. ಎರಡು ಗೆರೆಗಳ ನಡುವೆ ಯಾವ ಯಾವ ಜೀವಿಗಳು ಕಂಡವೆಂದು ಬರೆದಿಡಲಿ. ಕ್ಷೇತ್ರಗಣಿತ, ಜೀವಶಾಸ್ತ್ರ, ಕನ್ನಡ ಪ್ರಬಂಧ ಮೂರೂ ಅದರಲ್ಲಿ ಆಗುತ್ತವೆ. ನಾಳೆ ಆ ಊರಿನಲ್ಲಿ ಬಡಾವಣೆಯ ಕಲ್ಲು ನೆಡುವಾಗ ಈ ಮಕ್ಕಳೇ ಬೆಳೆದು ನಿವೇಶನ ಕೊಳ್ಳುವವರಾಗಿರುತ್ತಾರೆ, ಮಾರುವವರಾಗಿರುತ್ತಾರೆ, ಪಂಚಾಯತಿಯಲ್ಲಿ ಕೈ ಎತ್ತುವವರಾಗಿರುತ್ತಾರೆ. ಕೆರೆಯ ಹೊಟ್ಟೆಯ ನಿಜವಾದ ಅಳತೆಯನ್ನು ಬಲ್ಲವರು ಅಂದು ಸಭೆಯಲ್ಲಿ ನಾಲ್ವರಾದರೂ ಇದ್ದರೆ, ಸಹಿ ಹಾಕಲಾರದವರ ಪಾಲನ್ನು ಕೇಳುವ ಬಾಯಿ ಅಲ್ಲಿ ಇದ್ದಂತಾಗುತ್ತದೆ.