ಊರ ದೇವರು, ಅಂಗೈಯ ದೇವರು

ತಿಪಟೂರು, ತುರುವೇಕೆರೆ ಕಡೆ ಊರಹಬ್ಬ ಸಾರಿದ ಮೇಲೆ ‘ನೀನು ದೇವರನ್ನು ನಂಬುತ್ತೀಯಾ’ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ವಂತಿಗೆ. ಕೊಬ್ಬರಿ ರೇಟು ನೆಲ ಕಚ್ಚಿದ ವರ್ಷವೂ ವಂತಿಗೆ ತಪ್ಪದು. ಬೆಂಗಳೂರು ಸೇರಿ ನಾಸ್ತಿಕನಾದ ಮಗನ ಪಾಲನ್ನು ಅಪ್ಪ ಕಟ್ಟುತ್ತಾನೆ. ಮಗನೂ ಬಂದು ಊರದೇವತೆ ಅಮ್ಮನ ಅಡ್ಡೆಗೆ ಹೆಗಲು ಕೊಡುತ್ತಾನೆ. ಅವನ ತಲೆಯೊಳಗೆ ಏನಿದೆಯೆಂಬುದು ಊರಿಗೆ ಬೇಕಿಲ್ಲ, ಹೆಗಲು ಬೇಕು.

ಇದೇ ಸೀಮೆಯ ಎಷ್ಟೋ ಲಿಂಗಾಯತ ಮನೆಗಳಲ್ಲಿ ಬೆಳಗಿನ ಪೂಜೆ ನಡೆಯುವುದು ಎಡ ಅಂಗೈಯ ಮೇಲೆ. ಇಷ್ಟಲಿಂಗಕ್ಕೆ ಗುಡಿ ಬೇಡ, ಪೂಜಾರಿ ಬೇಡ, ಜೊತೆಗೆ ಇನ್ನೊಬ್ಬರಿರಲೇಬೇಕೆಂದೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಊರ ನಡುವಿನಿಂದ ಎತ್ತಿ ಒಬ್ಬೊಬ್ಬರ ಮೈಮೇಲೆ ಇಟ್ಟರು. ಆಮೇಲೆ ಕಗ್ಗೆರೆಯ ತೋಟದಲ್ಲಿ ಒಂಟಿಯಾಗಿ ತಪಸ್ಸಿಗೆ ಕೂತ ಸಿದ್ಧಲಿಂಗರಿಗೆ ‘ತೋಂಟದ’ ಎಂಬುದೇ ಹೆಸರಾಯಿತು. ಆದರೆ ಅವರು ಐಕ್ಯರಾದ ಎಡೆಯೂರಿನಲ್ಲಿ ಈಗ ತೇರು ಎಳೆಯಲು ಸಾವಿರಾರು ಜನ ಸೇರುತ್ತಾರೆ. ಲಿಂಗವನ್ನೂ ಮಗುವಿಗೆ ಮನೆಯವರೇ ಕಟ್ಟಿಸುತ್ತಾರೆ. ಒಪ್ಪಿ ಕಟ್ಟಿಕೊಳ್ಳುವ ವಯಸ್ಸು ಅದಕ್ಕಿನ್ನೂ ಆಗಿರುವುದಿಲ್ಲ. ಒಬ್ಬೊಬ್ಬರ ನಂಬಿಕೆಗೆಂದು ಹುಟ್ಟಿದ್ದು ಹುಟ್ಟಿನ ಗುರುತಾಗಿ ಕೂತಿತು. ಯುರೋಪಿನಲ್ಲೂ ಹೀಗೇ ಆಯಿತು: ಕ್ರೈಸ್ತ ಸುಧಾರಕ ಲೂಥರ್ ನಂಬಿಕೆಯೊಂದೇ ಸಾಕೆಂದ. ಅವನ ಹೆಸರಿನಲ್ಲೂ ಚರ್ಚುಗಳೆದ್ದವು.

ಒಬ್ಬರದೋ ಕೂಟದ್ದೋ ಎಂಬ ಈ ಲೆಕ್ಕ ಬೇರೆ ಮತಗಳಲ್ಲೂ ಇದೆ. ಯಹೂದಿಗಳಲ್ಲಿ ಹತ್ತು ಮಂದಿ ಕೂಡದೆ ಕೆಲವು ಪ್ರಾರ್ಥನೆಗಳನ್ನು ಹೇಳುವಂತಿಲ್ಲ. ಮಸೀದಿಯಲ್ಲಿ ಶುಕ್ರವಾರ ಹೆಗಲಿಗೆ ಹೆಗಲು ತಾಗಿಸಿ ನಿಂತರೂ ನಮಾಜಿನ ನೀಯತ್ತು, ಅಂದರೆ ಸಂಕಲ್ಪ, ಮಾತ್ರ ಅವರವರದು. ಚಿಕ್ಕನಾಯಕನಹಳ್ಳಿಯಲ್ಲಿ ಮುಸ್ಲಿಂ ಸಂತ ತಾತಯ್ಯನ ಗೋರಿಗೆ ಹೋಗುವ ಹಿಂದೂಗಳಿಗೆ ಈ ಲೆಕ್ಕ ಯಾವುದೂ ಹೊಂದದು. ಅವರು ಮತ ಬಿಟ್ಟು ಹೋದವರಲ್ಲ, ಹರಕೆ ಹೊತ್ತು ಹೋದವರು.

ಊರಹಬ್ಬದ್ದು ದೊಡ್ಡ ಮನಸ್ಸು ಎಂದು ಹೊಗಳಿ ಮುಗಿಸಲಾರೆ. ನಂಬಿಕೆಯನ್ನು ಕೇಳದ ಊರು ಜಾತಿಯನ್ನು ಕೇಳುತ್ತದೆ. ಅಮ್ಮನನ್ನು ಹೊರಡಿಸಲು ತಮಟೆ ಬೇಕು, ಬಡಿಯುವವನು ಮಾತ್ರ ಹೊಸ್ತಿಲಾಚೆ ನಿಲ್ಲಬೇಕು. ಅವನ ಭಕ್ತಿ ಎಷ್ಟೇ ಇರಲಿ, ಅದು ಯಾವ ಲೆಕ್ಕಕ್ಕೂ ಬಾರದು. ಅಂಗೈಗೆ ದೇವರು ಬಂದದ್ದು ಇಂಥವರಿಗಾಗಿಯೇ ಅಲ್ಲವೇ? ಕೂಡಿ ಬಾಳುವುದನ್ನು ಊರಿಂದಲೇ ಕಲಿಯಬೇಕು, ನಿಜ. ಆದರೆ ಊರು ಹೊರಗಿಟ್ಟವನಿಗೂ ಒಬ್ಬ ದೇವರಿದ್ದಾನೆಂದು ಹೇಳುವ ಧೈರ್ಯ ಒಂಟಿ ನಂಬಿಕೆಗೇ ಇದ್ದದ್ದು. ಇವೆರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಎರಡನೆಯದರ ಕಡೆಗೆ.

ಆರಿಸುವ ಪ್ರಮೇಯವೇ ಇಲ್ಲದಂತೆ ಮಾಡುವುದು ಗುಡಿ ಕಮಿಟಿಯವರ ಕೈಯಲ್ಲೇ ಇದೆ. ಬರುವ ಹಬ್ಬದ ವಂತಿಗೆ ಪಟ್ಟಿಯಲ್ಲಿ ತಮಟೆಯವರ ಕೇರಿಯ ಮನೆಗಳನ್ನೂ ಬರೆಯಿರಿ, ಆ ಮನೆಯವರನ್ನು ಗುಡಿಯೊಳಕ್ಕೆ ಕರೆಯಿರಿ.