ಗಾಜು ಏರಿಸಿದ ಮೇಲೆ

ಅಪ್ಪ ಹನ್ನೆರಡು ವರ್ಷ ಓಡಿಸಿದ ಸಣ್ಣ ಕಾರು ಕಳೆದ ವರ್ಷ ನನ್ನ ಪಾಲಿಗೆ ಬಂತು. ಯಲಹಂಕದ ಮನೆಯಿಂದ ಹೊರಟು ಹೆಬ್ಬಾಳ ದಾಟಿ, ಮೇಖ್ರಿ ಸರ್ಕಲ್ಲಿನಲ್ಲಿ ಕಾದು ಗ್ರಂಥಾಲಯ ಸೇರುವಷ್ಟರಲ್ಲಿ ತಲೆಯೊಳಗೆ ಹಿಟ್ಟಿನ ಗಿರಣಿ ಕೂತಂತಾಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಟಿಕ್ ಟಿಕ್, ಹಿಂದಿನ ಬಾಗಿಲಲ್ಲಿ ಗಡಗಡ, ಕಾಲಡಿಯಿಂದ ಟೈರುಗಳ ಒಂದೇ ಸಮನೆಯ ಮೊರೆತ. ಓದಲು ಕೂತರೂ ಕಿವಿಯಲ್ಲಿ ರಸ್ತೆಯೇ ಓಡುತ್ತಿತ್ತು.

ಆರ್.ಟಿ. ನಗರದ ಸಣ್ಣ ಗ್ಯಾರೇಜೊಂದಕ್ಕೆ ಹೋದೆ. ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಹಿಡಿಯಲಿಲ್ಲ. ನನಗೆ ಸ್ಟೇರಿಂಗ್ ಕೊಟ್ಟು, ತಾವು ಹಿಂದಿನ ಸೀಟಿನಲ್ಲಿ ಕೂತು, ಹಳ್ಳಬಿದ್ದ ಅಡ್ಡರಸ್ತೆಯಲ್ಲಿ ನಿಧಾನವಾಗಿ ಓಡಿಸಲು ಹೇಳಿದರು. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಬಾಗಿಲ ಗಡಗಡಕ್ಕೆ ಕಾರಣ ಸಡಿಲವಾಗಿದ್ದ ಬೀಗದ ಕೊಂಡಿ. ಡ್ಯಾಶ್‌ಬೋರ್ಡಿನಲ್ಲಿ ಎರಡು ಪ್ಲಾಸ್ಟಿಕ್ ತುಣುಕುಗಳ ನಡುವೆ ಕೂದಲೆಳೆಯ ಸಂದಿ. ಕಾರು ನಡುಗಿದಾಗಲೆಲ್ಲ ಅವು ಒಂದಕ್ಕೊಂದು ತಾಗುತ್ತಿದ್ದವು. ಒಂದು ತಿರುಪು ಬಿಗಿ ಮಾಡಿ, ಸಂದಿಗೆ ಬಟ್ಟೆಯ ಟೇಪು ಅಂಟಿಸಿದರು. ಎರಡು ಸದ್ದೂ ಹೋದವು.

ಟೈರಿನ ಮೊರೆತ ಅಷ್ಟು ಸುಲಭಕ್ಕೆ ಬಗ್ಗುವುದಲ್ಲ. ಬೆಲೆಯೂ ಪೆಟ್ರೋಲೂ ಉಳಿಯಲೆಂದು ಸಣ್ಣ ಕಾರನ್ನು ತೆಳು ತಗಡಿನಲ್ಲಿ ಮಾಡುತ್ತಾರೆ. ತಡೆಗೋಡೆಯ ತೂಕ ಇಮ್ಮಡಿಯಾದರೆ ಅದನ್ನು ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ ಎನ್ನುವುದು ಧ್ವನಿಶಾಸ್ತ್ರದ ಸ್ಥೂಲ ಲೆಕ್ಕ. ಹಾಗಾಗಿ ಮೌನವೆಂದರೆ ಅಕ್ಷರಶಃ ತೂಕ, ತೂಕವೆಂದರೆ ದುಡ್ಡು. ಫೆಲೋಶಿಪ್ಪಿನ ಹಣದಲ್ಲಿ ಬಾಗಿಲುಗಳಿಗೂ ನೆಲಕ್ಕೂ ಅಲ್ಯೂಮಿನಿಯಂ ಹಾಳೆ ಮೆತ್ತಿದ ಬ್ಯುಟೈಲ್ ರಬ್ಬರು, ಅದರ ಮೇಲೆ ಫೋಮು ಹಾಕಿಸಿದೆ. ಗಾಜು ಏರಿಸಿದರೆ ಹೆಬ್ಬಾಳದ ಫ್ಲೈಓವರ್ ಮೂಕಿ ಸಿನಿಮಾದಂತೆ ಕಾಣತೊಡಗಿತು.

ಒಂದು ವಾರ ಆಗಿರಬಹುದು. ಅದೇ ಫ್ಲೈಓವರಿನ ಮೇಲೆ ಯಾವುದೋ ಉಪನ್ಯಾಸ ಕೇಳುತ್ತಾ ಹೋಗುತ್ತಿದ್ದೆ. ಪಕ್ಕದ ಆಟೋದವರು ಕೈಚಾಚಿ ನನ್ನ ಗಾಜನ್ನು ಬಡಿದರು. ಅವರ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕನ್ನಡಿ ನೋಡಿದರೆ ಬೆನ್ನಿಗೇ ಆಂಬ್ಯುಲೆನ್ಸ್. ದಾರಿ ಬಿಟ್ಟೆ. ತಡವಾದದ್ದು ಅರ್ಧ ನಿಮಿಷವೋ, ಇನ್ನೂ ಕಡಿಮೆಯೋ. ಒಳಗಿದ್ದವರ ಪಾಲಿಗೆ ಅದು ಎಷ್ಟು ದೊಡ್ಡದಾಗಿತ್ತೋ ನನಗೆ ತಿಳಿಯುವ ಬಗೆಯಿಲ್ಲ.

ಅಂದಿನಿಂದ ನನ್ನನ್ನೇ ಗಮನಿಸತೊಡಗಿದೆ. ನಾನು ಮೊದಲಿಗಿಂತ ಹೆಚ್ಚು ಹಾರ್ನ್ ಹೊಡೆಯುತ್ತಿದ್ದೆ. ಕಾರಣ ಸರಳ: ನನ್ನ ಹಾರ್ನು ನನಗೇ ಬೇರೆ ಯಾರದ್ದೋ ಎಂಬಂತೆ ಕೇಳುತ್ತಿತ್ತು. ಎಲ್ಲರೂ ಹೀಗೆ ಗಾಜು ಏರಿಸಿ ಕೂತರೆ, ಒಬ್ಬರ ಮೌನವನ್ನು ಭೇದಿಸಲು ಇನ್ನೊಬ್ಬರು ಇನ್ನಷ್ಟು ಜೋರಾಗಿ ಕೂಗಬೇಕು. ಆ ಕೂಗಿನ ಪೂರ್ತಿ ಭಾರ ಬೀಳುವುದು ಗಾಜೇ ಇಲ್ಲದವರ ಮೇಲೆ: ಸರ್ಕಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರು, ಬೈಕಿನಲ್ಲಿ ಊಟ ತಲುಪಿಸುವ ಹುಡುಗರು, ಬಸ್ಸಿಗೆ ಕಾಯುವವರು, ಯಶವಂತಪುರದ ಮಾರುಕಟ್ಟೆ ಬದಿಯಲ್ಲಿ ಮೂಟೆ ಹೊರುವವರು.

ಸದ್ದು ತಗ್ಗಿಸಲು ಮೂರು ಜಾಗಗಳಿವೆ ಎನ್ನುತ್ತಾರೆ ಎಂಜಿನಿಯರುಗಳು: ಹುಟ್ಟುವಲ್ಲಿ, ಹಾದುಬರುವ ದಾರಿಯಲ್ಲಿ, ಕೇಳುವವರ ಕಿವಿಯ ಬಳಿ. ಇದು ನೈತಿಕ ವಿಂಗಡಣೆಯೂ ಹೌದು ಎಂದು ನನಗೆ ಈಗ ಅನಿಸುತ್ತದೆ. ಹುಟ್ಟುವಲ್ಲೇ ತಗ್ಗಿಸಿದ ಸದ್ದು ಎಲ್ಲರಿಗೂ ತಗ್ಗುತ್ತದೆ. ಕಿವಿಯ ಬಳಿ ತಡೆದ ಸದ್ದು ತಡೆಯಲು ಶಕ್ತರಾದವರಿಗೆ ಮಾತ್ರ. ನಮ್ಮ ಕಾನೂನು ಮೊದಲನೆಯದನ್ನೇ ಆಶಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಗದ್ದಲವಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ಹಕ್ಕು ಎಲ್ಲರದ್ದು, ಆದರೆ ನಾನು ಅದನ್ನು ಗ್ಯಾರೇಜಿನಲ್ಲಿ ಕೊಂಡು ತಂದೆ.

ಜರ್ಮನ್ ದಾರ್ಶನಿಕ ಶೋಪೆನ್‌ಹಾವರ್ 1851ರಲ್ಲಿ ಸದ್ದಿನ ಬಗ್ಗೆ ಒಂದು ಸಿಡುಕಿನ ಪ್ರಬಂಧ ಪ್ರಕಟಿಸಿದ. ಬೀದಿಯ ಗಾಡಿಗಳವರು ಬೀಸುವ ಚಾವಟಿಯ ಸದ್ದು ಯೋಚಿಸುವವರ ತಲೆಯನ್ನು ಸೀಳುತ್ತದೆ ಎನ್ನುವುದು ಅವನ ದೂರು. ಓದುವ ಜನ ಅವನ ಪರ ನಿಲ್ಲುವುದು ಸಹಜ, ನಾನೂ ನಿಂತಿದ್ದೆ. ಈಗ ಅವನ ಕೋಣೆಯ ಕಿಟಕಿಯ ಬಗ್ಗೆ ಯೋಚಿಸುತ್ತೇನೆ. ಅವನಿಗೆ ಮುಚ್ಚಲು ಕಿಟಕಿಯಾದರೂ ಇತ್ತು. ದಿನವಿಡೀ ಚಾವಟಿಯ ಪಕ್ಕದಲ್ಲೇ ಇರುತ್ತಿದ್ದ ಗಾಡಿಯವನ ಕಿವಿಯ ಗತಿ ಏನು?

ಹಾಗೆಂದು ಕಾರಿನೊಳಗಿನ ನೆಮ್ಮದಿ ತಪ್ಪು ಎನ್ನಲಾರೆ. ದಿನಕ್ಕೆ ಹನ್ನೆರಡು ಗಂಟೆ ವಿಮಾನ ನಿಲ್ದಾಣಕ್ಕೆ ಬಾಡಿಗೆ ಹೊಡೆಯುವ ಚಾಲಕರಿಗೆ ಸದ್ದಿನ ದಣಿವು ನಿಜವಾದ ದಣಿವು, ದಣಿದ ಚಾಲಕರು ರಸ್ತೆಗೂ ಅಪಾಯ. ನಾನು ಕೇಳಿಕೊಳ್ಳುವುದು ಇಷ್ಟೇ: ಈ ಮೌನ ಹೊರಗಿನವರಿಗೂ ಸ್ವಲ್ಪ ತಲುಪುತ್ತದೆಯೇ? ಗಂಟೆಗೆ ಸುಮಾರು 50 ಕಿ.ಮೀ. ಮೀರಿದ ಮೇಲೆ ಸಣ್ಣ ಕಾರಿನಲ್ಲಿ ಎಂಜಿನ್ನಿಗಿಂತ ಟೈರಿನ ಸದ್ದೇ ಹೆಚ್ಚು. ವೇಗ ತಗ್ಗಿಸಿದರೆ ಒಳಗೂ ಹೊರಗೂ ಒಟ್ಟಿಗೇ ಸದ್ದು ಇಳಿಯುತ್ತದೆ. ಅದಕ್ಕೆ ಖರ್ಚೂ ಇಲ್ಲ. ಆದರೂ ಗ್ಯಾರೇಜಿಗೆ ಹೋಗುವ ಮೊದಲು ಅದು ನನಗೆ ಹೊಳೆದಿರಲಿಲ್ಲ.

ಹೋದ ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ಚಕ್ರದ ಬೇರಿಂಗು ಸವೆದದ್ದನ್ನು ಬರೀ ಸದ್ದಿನಿಂದ ಪತ್ತೆ ಹಚ್ಚುತ್ತಿದ್ದವರು ಅವರು. ಸ್ವಲ್ಪ ದೂರ ಸುಮ್ಮನಿದ್ದು, "ಎಲ್ಲಾ ಚೆನ್ನಾಗಿದೆ. ಆದ್ರೆ ಏನಾದ್ರೂ ಕೆಟ್ರೆ ಹೇಗೆ ಗೊತ್ತಾಗುತ್ತೆ?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಹೆಬ್ಬಾಳ ಹತ್ತಿರವಾಗುತ್ತಿತ್ತು. ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದೆ.