ಗಡಿಯಲ್ಲಿ ಒಂದು ಹಗ್ಗ

ಇಬ್ಬರು ಕಾದಾಡುವಾಗ ತಟಸ್ಥನ ನೆಲದಿಂದ ಒಬ್ಬನಿಗೆ ಆಯುಧ ಹೋದರೆ ತಪ್ಪು ಯಾರದು? ವಿಚಾರ ಇದು. 1907ರ ಹೇಗ್ ಒಪ್ಪಂದಗಳ ಪ್ರಕಾರ ತಟಸ್ಥ ಸರ್ಕಾರ ತಾನೇ ಕೊಡಕೂಡದು. ಪ್ರಜೆ ಮಾರಿದರೆ ತಡೆಯಲೇಬೇಕೆಂದಿಲ್ಲ. ತಡೆದರೆ ಇಬ್ಬರನ್ನೂ ತಡೆಯಬೇಕು. ಆದರೆ ಯುದ್ಧಕ್ಕೆಂದೇ ಹಡಗು ಸಜ್ಜಾಗುತ್ತಿದ್ದರೆ ಸುಮ್ಮನಿರುವಂತಿಲ್ಲ.

ಈ ಕೊನೆಯ ಮಾತು ಪೆಟ್ಟು ತಿಂದು ಕಲಿತದ್ದು. ಅಮೆರಿಕದ ಅಂತರ್ಯುದ್ಧದ ನಡುವೆ, 1862ರ ಜುಲೈಯಲ್ಲಿ, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಕಟ್ಟಿದ 290ನೇ ನಂಬರಿನ ಹಡಗು ಅತಿಥಿಗಳನ್ನು ಹತ್ತಿಸಿಕೊಂಡು ಪರೀಕ್ಷಾ ಸಂಚಾರಕ್ಕೆಂದು ಹೊರಟಿತು. ಅತಿಥಿಗಳು ಬೇರೆ ದೋಣಿಯಲ್ಲಿ ವಾಪಸಾದರು, ಹಡಗು ಆಗಲಿಲ್ಲ. ಅಜೋರ್ಸ್ ಬಳಿ ತೋಪುಗಳನ್ನೇರಿಸಿಕೊಂಡು ಅದು ದಕ್ಷಿಣದ ಬಂಡುಕೋರರ ಯುದ್ಧನೌಕೆ ‘ಅಲಬಾಮಾ’ ಆಯಿತು. ಅದೂ ಅದರಂಥ ಹಡಗುಗಳೂ ಮಾಡಿದ ಹಾನಿಗೆ 1872ರಲ್ಲಿ ಜಿನೀವಾದ ಪಂಚರು ಬ್ರಿಟನ್ನಿನಿಂದ ಕಕ್ಕಿಸಿದ್ದು 1.55 ಕೋಟಿ ಡಾಲರ್.

ಬಂದೂಕು ಮಾರಬಹುದಾದರೆ ತೋಪಿಲ್ಲದ ಹಡಗೇಕೆ ಬೇಡ ಎಂಬುದು ಪೂರ್ವಪಕ್ಷ. ಆದರೆ ಬಂದೂಕು ಸರಕು, ಯಾರಾದರೂ ಹೊತ್ತೊಯ್ಯಬೇಕು, ದಾರಿಯಲ್ಲಿ ಶತ್ರು ಹಿಡಿಯಬಹುದು. ಯುದ್ಧದ ಹಡಗು ತಾನೇ ದಂಡಯಾತ್ರೆ. ಅದು ಹೊರಟ ಬಂದರು ಪಾಳೆಯವಾಗುತ್ತದೆ.

ವಿಮಾನಕ್ಕೂ 1923ರ ಹೇಗ್ ಕರಡು ಇದನ್ನೇ ಹೇಳಿತು: ಮಾರಾಟ ತಡೆಯಬೇಕಿಲ್ಲ, ದಾಳಿಗೆ ಸಿದ್ಧವಾಗಿ ಹೊರಡುವುದನ್ನು ತಡೆಯಬೇಕು. ಕರಡು ಒಪ್ಪಂದವಾಗಲೇ ಇಲ್ಲ. ಎರಡನೇ ಮಹಾಯುದ್ಧ ಶುರುವಾದ ಮೇಲೆ, 1939ರಲ್ಲಿ, ಅಮೆರಿಕ ಮಾತ್ರ ತನ್ನದೇ ಕಾನೂನು ಮಾಡಿತು: ನಗದು ಕೊಡಿ, ನೀವೇ ಒಯ್ಯಿರಿ. ಅಮೆರಿಕದ ಪೈಲಟ್ ಗಡಿ ದಾಟಿ ವಿಮಾನ ಹಾರಿಸುವಂತಿರಲಿಲ್ಲ. ಹಾಗಾಗಿ ನಾರ್ತ್ ಡಕೋಟಾದ ಪೆಂಬಿನಾದಲ್ಲಿ ವಿಮಾನಗಳನ್ನು ಇಳಿಸಿ, ಹಗ್ಗ ಕಟ್ಟಿ, ನೆಲದ ಮೇಲೇ ಕೆನಡಾದೊಳಕ್ಕೆ ಎಳೆದರು. ಆಚೆಯಿಂದ ಅವು ಹಾರಿದವು.

ಶುದ್ಧ ನಾಟಕ ಎನ್ನುವವರಿದ್ದಾರೆ. ನೋಡಿದರೆ ನಗು ಬರುವುದು ನಿಜ. ಆದರೂ ಆ ಹಗ್ಗಕ್ಕೆ ಅರ್ಥವಿದೆ: ಮಾಲು ಯಾರದು, ಅಪಾಯ ಯಾರದು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಆಕ್ಷೇಪ: ಸಮುದ್ರವೇ ಬ್ರಿಟನ್ನಿನ ಹಿಡಿತದಲ್ಲಿರುವಾಗ ಜರ್ಮನಿ ಬಂದು ಒಯ್ಯುವುದೆಂತು? ಇದಕ್ಕೆ ಉತ್ತರ ಸುಲಭ. ನಿಯಮ ಸಮವಾಗಿರಬೇಕು, ಫಲ ಸಮವಾಗಬೇಕಿಲ್ಲ. ಆದರೆ ಯುದ್ಧದ ನಡುವೆ ತಟಸ್ಥರು ತತ್ತ್ವತಃ ನಿಯಮ ಬದಲಿಸಬಾರದೆಂದು 1907ರ ಹೇಗ್ ಒಪ್ಪಂದದ ಪೀಠಿಕೆಯೇ ಹೇಳಿರುವಾಗ, ಕದನ ಶುರುವಾದ ಮೇಲೆ ಅಮೆರಿಕ ಆಯುಧ ಮಾರಾಟದ ಮೇಲಿದ್ದ ತನ್ನ ನಿಷೇಧ ತೆಗೆದದ್ದೇಕೆ ಎಂದರೆ ನನ್ನಲ್ಲಿ ಸಮರ್ಥನೆಯಿಲ್ಲ.

1940ರ ಸೆಪ್ಟೆಂಬರಿನಲ್ಲಂತೂ ಅಮೆರಿಕದ ಸರ್ಕಾರವೇ 50 ಹಳೆಯ ಡಿಸ್ಟ್ರಾಯರುಗಳನ್ನು ಬ್ರಿಟನ್ನಿಗೆ ಕೊಟ್ಟು ನೆಲೆಗಳನ್ನು ಪಡೆಯಿತು. ಅಟಾರ್ನಿ ಜನರಲ್ ರಾಬರ್ಟ್ ಜಾಕ್ಸನ್ ಇದಕ್ಕೆ ಒಪ್ಪಿಗೆ ಬರೆದರು. ಆದರೆ ಅದೇ ಪತ್ರದಲ್ಲಿ, ಇನ್ನೂ ಕಟ್ಟುತ್ತಿದ್ದ ಪುಟ್ಟ ಟಾರ್ಪಿಡೊ ದೋಣಿಗಳನ್ನು ಕೊಡುವಂತಿಲ್ಲ ಎಂದರು. ಕಾರಣ, ಅಲಬಾಮಾದಂತೆ ಅವು ಯುದ್ಧ ಮಾಡುವವನಿಗೆಂದೇ ಸಜ್ಜಾಗಿ ಹೊರಡುತ್ತಿದ್ದವು.